ಸ್ಕ್ಯಾನಿನಲ್ಲಿ ಆಯಸ್ಸು ಹುಡುಕುತ್ತಿರುವ ಮನೆಯವರಿಗೆ

ನಲ್ಲೂರಿನ ಹಾಗೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನನ್ನ ಜನರಿಗೆ, ಅದರಲ್ಲೂ ಕುಡಿತದಿಂದ ಲಿವರ್ ಕೆಟ್ಟವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ತಾಯಂದಿರಿಗೆ, ಅಕ್ಕತಂಗಿಯರಿಗೆ, ಮಕ್ಕಳಿಗೆ,



ನಾನು ನಲ್ಲೂರಿನವನು. ದುಡಿದ ವರ್ಷಗಳಲ್ಲಿ ಬಹುಪಾಲನ್ನು ಬೆಂಗಳೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ, ಗಾಮಾ ಕ್ಯಾಮೆರಾದ ಪಕ್ಕ ಕಳೆದವನು. ಡಾಕ್ಟರಲ್ಲ, ಟೆಕ್ನಿಷಿಯನ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಊರಿನಲ್ಲಿ ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರೇ. ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಜವಳಿ ಅಂಗಡಿಯ ಕವರಿನಲ್ಲಿ ರಿಪೋರ್ಟು ಸುತ್ತಿಕೊಂಡು ಮನೆಗೆ ಬರುತ್ತಾರೆ. ಗಂಡನದ್ದೋ ಮಗನದ್ದೋ ಅಣ್ಣನದ್ದೋ. ಕೂತು ನೀರು ಕುಡಿದ ಮೇಲೆ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಅಣ್ಣಾ, ನಿಮ್ಮಲ್ಲಿ ಒಂದು ಸ್ಕ್ಯಾನ್ ಐತಂತಲ್ಲ, ಅದ್ರಾಗೆ ಎಷ್ಟು ದಿನ ಉಳೀತಾರೆ ಅಂತ ಗೊತ್ತಾಗ್ತತಂತೆ? ಎಷ್ಟಾದ್ರೂ ಆಗ್ಲಿ, ಮಾಡಿಸ್ತೀವಿ."

ಎಷ್ಟಾದರೂ ಆಗಲಿ ಎನ್ನುವಾಗ ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತು. ಬರುವ ವರ್ಷದ ಅಡಿಕೆ ಫಸಲಿನ ಮೇಲೆ, ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿಯವರಿಂದ ತಂದ ಮುಂಗಡ, ಇಲ್ಲವೇ ಕೊರಳಿನ ಸರ. ಅದಕ್ಕೇ ಈ ಪತ್ರ. ಒಬ್ಬೊಬ್ಬರಿಗೆ ಜಗಲಿಯಲ್ಲಿ ಕೂತು ಹೇಳುವುದನ್ನೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಸ್ಕ್ಯಾನ್ ಇರುವುದು ನಿಜ, ಕಟ್ಟುಕಥೆಯಲ್ಲ. ಅದರಿಂದ ಆಯಸ್ಸಿನ ಅಂದಾಜು ಸಿಗುತ್ತದೆ ಎಂಬುದರಲ್ಲೂ ಸತ್ಯವಿದೆ. ಅದಕ್ಕೇ ಅದು ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿಸುತ್ತೇನೆ. ಆಮೇಲೆ ನಿರ್ಧಾರ ನಿಮ್ಮದು.

ಬೆಳಿಗ್ಗೆ ನಮ್ಮ ಕೆಲಸ ಶುರುವಾಗುತ್ತಿದ್ದದ್ದು ಸೀಸದ ಗೋಡೆಯ ಹಿಂದೆ. ಜನರೇಟರ್ ಎಂದು ಕರೆಯುವ ಪೆಟ್ಟಿಗೆಯಿಂದ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತುವನ್ನು ಉಪ್ಪುನೀರಿನ ಜೊತೆ ಇಳಿಸಿಕೊಳ್ಳುತ್ತೇವೆ. ನೋಡಲು ಬರೀ ನೀರು. ಅದನ್ನು ಗಂಧಕದ ಒಂದು ಲವಣ ಮತ್ತು ಚೂರು ಆಮ್ಲದ ಜೊತೆ ಚಿಕ್ಕ ಸೀಸೆಯಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಇಡುತ್ತೇವೆ. ಸೀಸೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಂಧಕದ ಕಣಗಳು ಹುಟ್ಟಿ, ಟೆಕ್ನೀಷಿಯಂ ಅವುಗಳಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಸಲ್ಫರ್ ಕೊಲಾಯ್ಡ್ ಎನ್ನುತ್ತಾರೆ. ಆರಿಸಿ, ಹುಳಿ ತಗ್ಗಿಸುವ ದ್ರಾವಣ ಸೇರಿಸಿ, ಅಳೆದು ಸಿರಿಂಜಿಗೆ ತುಂಬಿ ಮೊಣಕೈ ನರಕ್ಕೆ ಕೊಡುತ್ತೇವೆ. ಅಣುಶಕ್ತಿ ಅಂದಕೂಡಲೇ ನಮ್ಮ ಜನಕ್ಕೆ ಕೈಗಾ ನೆನಪಾಗಿ ಹೆದರಿಕೆಯಾಗುತ್ತದೆ. ಇಲ್ಲಿ ಕೊಡುವ ಪ್ರಮಾಣ ತೀರಾ ಕಡಿಮೆ. ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುವ ವಸ್ತು ಅದು, ಮರುದಿನದ ಹೊತ್ತಿಗೆ ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಬಸುರಿಯರು, ಎದೆಹಾಲು ಕೊಡುವವರು ಮಾತ್ರ ಮೊದಲೇ ಹೇಳಬೇಕು.

ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ರೋಗಿಯನ್ನು ಕ್ಯಾಮೆರಾದ ಕೆಳಗೆ ಮಲಗಿಸುತ್ತೇವೆ. ಆರೋಗ್ಯವಂತರ ಲಿವರಿನಲ್ಲಿ ಕುಪ್‌ಫರ್ ಕೋಶಗಳೆಂಬ ಕಾವಲು ಕೋಶಗಳಿವೆ. ರಕ್ತದಲ್ಲಿ ಬರುವ ಕಸವನ್ನು ಹಿಡಿದು ನುಂಗುವುದು ಅವುಗಳ ಕೆಲಸ. ಕೊಟ್ಟ ಗಂಧಕದ ಕಣಗಳಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಅವೇ ಹಿಡಿದಿಡುತ್ತವೆ. ಹಾಗಾಗಿ ಪರದೆಯ ಮೇಲೆ ಬಲಪಕ್ಕೆಯಲ್ಲಿ ಲಿವರ್ ದಟ್ಟವಾಗಿ ಕಾಣುತ್ತದೆ, ಎಡಕ್ಕೆ ಗುಲ್ಮ ಸಣ್ಣಗೆ. ಬೇರೇನೂ ಕಾಣುವುದಿಲ್ಲ.

ವರ್ಷಗಟ್ಟಲೆ ಕುಡಿದು ಲಿವರ್ ಗಟ್ಟಿಯಾದವರ ಚಿತ್ರ ಬೇರೆಯೇ. ಬಲಪಕ್ಕೆ ಮಂಕಾಗಿರುತ್ತದೆ, ಚುಕ್ಕೆ ಚುಕ್ಕೆ. ಗುಲ್ಮ ದೊಡ್ಡದಾಗಿ, ಲಿವರಿಗಿಂತ ಹೆಚ್ಚು ಹೊಳೆಯುತ್ತದೆ. ಕಾಯಿಲೆ ಬಹಳ ಮುಂದುವರಿದಿದ್ದರೆ ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಮೂಳೆ ಕೂಡ ಪರದೆಗೆ ಬಂದುಬಿಡುತ್ತವೆ. ಕಣಗಳು ಲಿವರಿಗೆ ಸಿಗದೆ ಮೂಳೆಮಜ್ಜೆಗೆ ಹೋಗಿ ಕೂತಿವೆ ಎಂದರ್ಥ. ಇದಕ್ಕೆ ಕಾರಣವನ್ನು ನಿಮಗೆ ವಿವರಿಸುವುದು ಸುಲಭ. ಭದ್ರಾ ನಾಲೆಯಲ್ಲಿ ಹೂಳು ತುಂಬಿ ನೀರು ಮುಂದೆ ಹೋಗದಿದ್ದಾಗ ಏರಿ ಒಡೆದು ಅಕ್ಕಪಕ್ಕದ ಗದ್ದೆಗೆ ನುಗ್ಗುವುದನ್ನು ನೋಡಿದ್ದೀರಿ. ಗಟ್ಟಿಯಾದ ಲಿವರಿನೊಳಗೆ ಕರುಳಿನಿಂದ ಬರುವ ರಕ್ತದ ಗತಿಯೂ ಅದೇ. ಅದು ಲಿವರನ್ನು ಬಳಸಿಕೊಂಡು ಅಡ್ಡದಾರಿಯಲ್ಲಿ ಹರಿಯುತ್ತದೆ. ಆ ಅಡ್ಡದಾರಿಯ ನರಗಳು ಅನ್ನನಾಳದಲ್ಲಿ ಉಬ್ಬಿ ಒಡೆದಾಗಲೇ ರಕ್ತವಾಂತಿ ಆಗುವುದು.

ಲಿವರಿನಲ್ಲಿ ಎಷ್ಟು ಕಣ, ಗುಲ್ಮದಲ್ಲಿ ಎಷ್ಟು, ಮಜ್ಜೆಯಲ್ಲಿ ಎಷ್ಟು ಎಂದು ಎಣಿಸಿ, ಕೆಲಸ ಮಾಡುತ್ತಿರುವ ಲಿವರ್ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುವ ಪ್ರಯತ್ನಗಳು ನಡೆದಿವೆ. ಕ್ಯಾಲಿಫೋರ್ನಿಯಾದ ಜಾನ್ ಹೋಫ್ಸ್ ಎಂಬ ವೈದ್ಯರು 1980, 1990ರ ದಶಕಗಳಲ್ಲಿ ಇದರ ಹಿಂದೆ ಬಿದ್ದವರಲ್ಲಿ ಮುಖ್ಯರು. ಜಪಾನಿನವರು ಜಿಎಸ್‌ಎ ಎಂಬ ಬೇರೊಂದು ಟೆಕ್ನೀಷಿಯಂ ಔಷಧ ಬಳಸುತ್ತಾರೆ. ಅದು ಕಾವಲು ಕೋಶಗಳ ಬದಲು ಲಿವರಿನ ದುಡಿಯುವ ಕೋಶಗಳಿಗೇ ಅಂಟುತ್ತದೆ. ಲಿವರಿನ ಒಂದು ಭಾಗ ಕತ್ತರಿಸಿ ತೆಗೆಯುವ ಮುಂಚೆ ಉಳಿದ ಭಾಗಕ್ಕೆ ಎಷ್ಟು ಶಕ್ತಿ ಇದೆ ಎಂದು ನೋಡಲು ಮೆಬ್ರೋಫೆನಿನ್ ಎಂಬ ಔಷಧದ ಸ್ಕ್ಯಾನ್ ಇದೆ. ಇವೆಲ್ಲ ಒಳ್ಳೆಯ ವಿಜ್ಞಾನ. ಚಿತ್ರದಲ್ಲಿ ಲಿವರ್ ಮಂಕಾದಷ್ಟೂ, ಮಜ್ಜೆ ಬೆಳಗಿದಷ್ಟೂ ಮುಂದಿನ ದಿನಗಳು ಕಷ್ಟ ಎಂಬುದು ಆ ಚಿತ್ರಗಳನ್ನು ತೆಗೆಯುತ್ತಿದ್ದ ನಮಗೂ ಕಾಣುತ್ತಿತ್ತು.

ಹಾಗಿದ್ದರೆ ಮಾಡಿಸಬೇಡಿ ಎಂದು ಯಾಕೆ ಹೇಳುತ್ತಿದ್ದೇನೆ? ಮಾಡಿಸಬೇಡಿ ಎನ್ನುತ್ತಿಲ್ಲ. ನಿಮ್ಮ ಲಿವರ್ ಡಾಕ್ಟರು ಯಾವುದೋ ಕಾರಣಕ್ಕೆ ಬರೆದುಕೊಟ್ಟರೆ ಖಂಡಿತ ಮಾಡಿಸಿ. ಆಯಸ್ಸು ತಿಳಿಯಲೆಂದು ನೀವಾಗಿ ಹುಡುಕಿಕೊಂಡು ಹೋಗಬೇಡಿ ಎನ್ನುತ್ತಿದ್ದೇನೆ. ಅಲ್ಟ್ರಾಸೌಂಡು, ಸಿಟಿ, ಫೈಬ್ರೋಸ್ಕ್ಯಾನು ಬಂದ ಮೇಲೆ ಕುಡಿತದ ಲಿವರಿಗೆ ಈ ಕೊಲಾಯ್ಡ್ ಸ್ಕ್ಯಾನನ್ನು ಬರೆಯುವುದು ಬಹಳ ಕಡಿಮೆಯಾಗಿದೆ. ಅಂದಹಾಗೆ ಫೈಬ್ರೋಸ್ಕ್ಯಾನಿಗೂ ಅಣುವಿಗೂ ಸಂಬಂಧವಿಲ್ಲ. ಅದು ಶಬ್ದದ ಅಲೆಗಳಿಂದ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಯಂತ್ರ. ಎರಡನ್ನೂ ಒಂದೇ ಎಂದುಕೊಂಡು ಬರುವವರು ಬಹಳ ಜನ.

ನಿಮಗೆ ಬೇಕಾದ ಅಂದಾಜು ಆಗಲೇ ನಿಮ್ಮ ಕೈಯಲ್ಲಿರುವ ರಕ್ತಪರೀಕ್ಷೆಯ ಕಾಗದದಲ್ಲೇ ಇದೆ. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಎಂಬ ಸರ್ಜನ್ನರು ಒಂದು ಪಟ್ಟಿ ಮಾಡಿದರು, 1973ರಲ್ಲಿ ಪ್ಯೂ ಎಂಬವರು ಅದನ್ನು ತಿದ್ದಿದರು. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಹೊತ್ತು, ಹೊಟ್ಟೆಯಲ್ಲಿ ನೀರು, ಮಂಕುತನ, ಈ ಐದಕ್ಕೆ ಅಂಕ ಹಾಕುತ್ತಾರೆ. 5 ಅಥವಾ 6 ಬಂದರೆ ಎ, 7ರಿಂದ 9 ಬಿ, 10ರಿಂದ 15 ಸಿ. ಆಮೇಲೆ ಬಂದದ್ದು ಮೆಲ್ಡ್ ಅಂಕ. ಅದನ್ನು ರೂಪಿಸಿದ ತಂಡದ ಮುಂಚೂಣಿಯಲ್ಲಿದ್ದವರು ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಪ್ಯಾಟ್ರಿಕ್ ಕಾಮತ್, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್, ಬರೀ ಮೂರು ಸಂಖ್ಯೆ. ಈ ಮೂರರ ಲೆಕ್ಕದ ಮೇಲೆ 2002ರಿಂದ ಇಡೀ ಅಮೆರಿಕ ದಾನಿಗಳ ಲಿವರನ್ನು ಯಾರಿಗೆ ಮೊದಲು ಕೊಡಬೇಕೆಂದು ತೀರ್ಮಾನಿಸತೊಡಗಿತು. ಅಂಥ ದೇಶವೇ ಸಾಧಾರಣ ರಕ್ತಪರೀಕ್ಷೆಗಳನ್ನು ನಂಬಿರುವಾಗ ನಾವು ಸರ ಅಡವಿಟ್ಟು ಐಸೋಟೋಪಿನ ಹಿಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಆ ಅಂಕವೂ ಹೇಳುವುದು ಗುಂಪಿನ ಮಾತು, ನಿಮ್ಮ ಮನೆಯವರೊಬ್ಬರದ್ದಲ್ಲ. ಮೆಲ್ಡ್ 20ರಿಂದ 29ರ ನಡುವೆ ಇದ್ದವರಲ್ಲಿ ಮೂರು ತಿಂಗಳೊಳಗೆ ನೂರಕ್ಕೆ ಸುಮಾರು 20 ಜನ ತೀರಿಕೊಂಡಿದ್ದರು ಎಂದು 2003ರ ಲೆಕ್ಕವೊಂದು ಹೇಳುತ್ತದೆ. ಉಳಿದ 80 ಜನರಲ್ಲಿ ನಿಮ್ಮವರು ಇರುತ್ತಾರೋ ಇಲ್ಲವೋ ಎಂದು ಯಾವ ಅಂಕವೂ ಹೇಳಲಾರದು, ಯಾವ ಕ್ಯಾಮೆರಾವೂ ಹೇಳಲಾರದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಾನು ತೆಗೆದ ಯಾವ ಚಿತ್ರದಲ್ಲೂ ಕಾಣದ ಒಂದು ವಿಷಯವಿದೆ: ಈ ಮನುಷ್ಯ ನಾಳೆ ಕುಡಿಯುತ್ತಾನೋ ಇಲ್ಲವೋ. ಆಯಸ್ಸಿನ ಲೆಕ್ಕದಲ್ಲಿ ಅತಿ ದೊಡ್ಡ ಪಾಲು ಅದರದ್ದೇ. 1968ರಲ್ಲೇ ಅಮೆರಿಕದ ಪೊವೆಲ್ ಮತ್ತು ಕ್ಲಾಟ್ಸ್ಕಿನ್ ಎಂಬ ವೈದ್ಯರು ಲಿವರ್ ಗಟ್ಟಿಯಾಗಿದ್ದ 278 ಜನರ ಲೆಕ್ಕ ಪ್ರಕಟಿಸಿದ್ದರು. ಕುಡಿತ ಬಿಟ್ಟವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 63, ಬಿಡದವರಲ್ಲಿ ಸುಮಾರು 40. ಅಂದಿನ ಕಾಲಕ್ಕೆ ಲಿವರ್ ಕಸಿ ಕೈಗೆಟುಕುವ ಚಿಕಿತ್ಸೆಯಾಗಿರಲಿಲ್ಲ, ಎಂಡೋಸ್ಕೋಪಿಯಲ್ಲಿ ಬ್ಯಾಂಡು ಹಾಕಿ ರಕ್ತ ನಿಲ್ಲಿಸುವುದೂ ಇರಲಿಲ್ಲ. ಬಿಟ್ಟದ್ದೇ ಔಷಧ.

ಹೊನ್ನಾಳಿ ಕಡೆಯ ಒಬ್ಬರು ನೆನಪಾಗುತ್ತಾರೆ. ಮೂಟೆ ಹೊರುವ ಕೆಲಸ. ಅವರ ಚಿತ್ರದಲ್ಲಿ ಬೆನ್ನುಮೂಳೆ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು, ಲಿವರ್ ಎಲ್ಲಿದೆ ಎಂದು ಹುಡುಕಬೇಕಿತ್ತು. ಹೊಟ್ಟೆ ಉಬ್ಬಿ ಅವರಿಗೆ ಮಲಗಲಾಗದ್ದರಿಂದ, ಚಿತ್ರ ಮುಗಿಯುವವರೆಗೂ ನಾನು ತಲೆ ಕೆಳಗೆ ಎರಡು ದಿಂಬು ಕೊಟ್ಟು ಹಿಡಿದುಕೊಂಡಿದ್ದೆ. ಇವರು ಇನ್ನೊಮ್ಮೆ ಬರಲಾರರು ಎಂದೇ ನಮ್ಮ ವಿಭಾಗದವರೆಲ್ಲ ಅಂದುಕೊಂಡೆವು. ವರ್ಷಗಳು ಕಳೆದ ಮೇಲೆ ಒಂದು ದಿನ ಥೈರಾಯ್ಡ್ ಸ್ಕ್ಯಾನಿಗೆ ಮಗಳನ್ನು ಕರೆತಂದ ವ್ಯಕ್ತಿಯೊಬ್ಬರು "ಗುರುತು ಸಿಗಲಿಲ್ವಾ ಸಾರ್?" ಎಂದು ನಕ್ಕರು. ಸಿಕ್ಕಿರಲಿಲ್ಲ. ಕೆನ್ನೆ ತುಂಬಿತ್ತು, ಹೊಟ್ಟೆ ಒಳಗೆ ಹೋಗಿತ್ತು. ಅವತ್ತು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಒಂದು ಹನಿಯೂ ಮುಟ್ಟಿರಲಿಲ್ಲವಂತೆ. ಕುಡಿತದ ಬಿರುಸಿನಲ್ಲಿ ಊದಿಕೊಂಡ ಲಿವರಿನ ಚಿತ್ರ ನಿಜವಾಗಿ ಇರುವುದಕ್ಕಿಂತ ಕೆಟ್ಟದಾಗಿ ಬರಬಹುದು, ಬಿಟ್ಟ ಮೇಲೆ ಸುಧಾರಿಸಲೂಬಹುದು ಎಂದು ಆಮೇಲೆ ನಮ್ಮ ಡಾಕ್ಟರು ವಿವರಿಸಿದರು. ಇವರಿಗಿಂತ ಒಳ್ಳೆಯ ಚಿತ್ರ ತೆಗೆಸಿಕೊಂಡು, ರಿಪೋರ್ಟು "ಅಷ್ಟೇನಿಲ್ಲ" ಅಂದಿದೆ ಎಂದು ಧೈರ್ಯದಿಂದ ಮತ್ತೆ ಬಾಟಲಿ ಹಿಡಿದವರೂ ಇದ್ದರು. ಅವರು ಯಾವ ಮಗಳನ್ನೂ ಕರೆದುಕೊಂಡು ಬರಲಿಲ್ಲ.

ಒಳ್ಳೆಯ ಸ್ಕ್ಯಾನ್ ಕೂಡ ಅಪಾಯ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಕೆಟ್ಟದಾಗಿ ಬಂದರೆ "ಇನ್ನೇನು, ಹೋಗೋ ಜೀವ, ಕುಡಿಯಲಿ ಬಿಡಿ" ಎಂದು ಮನೆಯವರೇ ಕೈಬಿಡುತ್ತಾರೆ. ಒಳ್ಳೆಯದಾಗಿ ಬಂದರೆ ಅವರೇ ಕುಡಿಯಲು ಹೊರಡುತ್ತಾರೆ.

ಆದ್ದರಿಂದ ನನ್ನ ಮೊದಲ ಬೇಡಿಕೆ. ಆಸ್ಪತ್ರೆಯ ಫೈಲಿನ ಮೇಲೆ, ರಟ್ಟಿನ ಹೊರಗೇ, ಕುಡಿತ ಬಿಟ್ಟ ತಾರೀಖನ್ನು ದೊಡ್ಡದಾಗಿ ಬರೆಯಿರಿ. ಯಾವ ಡಾಕ್ಟರನ್ನು ನೋಡಿದರೂ ಮೊದಲು ಅದನ್ನು ತೋರಿಸಿ. ನಡುವೆ ಕುಡಿದಿದ್ದರೆ ಮುಚ್ಚಿಡಬೇಡಿ, ಹಳೆಯದನ್ನು ಹೊಡೆದು ಹೊಸ ತಾರೀಖು ಹಾಕಿ. ಡಾಕ್ಟರು ಬೈದರೆ ಬೈಸಿಕೊಳ್ಳಿ. ಔಷಧದ ನಿರ್ಧಾರಗಳು ಆ ತಾರೀಖಿನ ಮೇಲೆ ನಿಂತಿರುತ್ತವೆ.

ಎಷ್ಟು ಕುಡಿಯುತ್ತಾರೆ ಎಂಬುದನ್ನೂ ಸರಿಯಾಗಿ ಹೇಳಿ. "ಸ್ವಲ್ಪ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮಲ್ಲಿ ಸಿಗುವ 180 ಎಂಎಲ್‌ನ ಒಂದು ಕ್ವಾರ್ಟರಿನಲ್ಲಿ ಶೇಕಡ 42.8 ಆಲ್ಕೋಹಾಲ್ ಇರುತ್ತದೆ. ತೂಕದಲ್ಲಿ ಅದು ಸುಮಾರು 60 ಗ್ರಾಂ. ದಿನಕ್ಕೆ 60 ಗ್ರಾಂ ದಾಟಿ ಕುಡಿಯುವವರಲ್ಲಿ ಹತ್ತರಲ್ಲಿ ಒಂಬತ್ತು ಜನರ ಲಿವರಿಗೆ ಕೊಬ್ಬು ತುಂಬುತ್ತದೆ. ಹೆಂಗಸರಿಗೆ ಇದಕ್ಕಿಂತ ಕಡಿಮೆಯೇ ಸಾಕು. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಊರಲ್ಲಿ ಎಷ್ಟೋ ಹೆಂಗಸರು ಸಂತೋಷಪಟ್ಟಿದ್ದರು. ಪ್ಯಾಕೆಟ್ಟು ಹೋಯಿತು, ಅದೇ ಜಾಗಕ್ಕೆ ಕ್ವಾರ್ಟರ್ ಬಂತು. ಲಿವರಿಗೆ ಲೇಬಲ್ಲು ಓದಲು ಬರುವುದಿಲ್ಲ.

ಬಿಡಿಸುವ ಬಗ್ಗೆ. ದಿನವೂ ಕುಡಿಯುತ್ತಿದ್ದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಂದೇ ಏಟಿಗೆ ನಿಲ್ಲಿಸಬೇಡಿ. ಎರಡು ಮೂರನೇ ದಿನಕ್ಕೆ ಕೈ ನಡುಗಿ, ಬೆವತು, ಇಲ್ಲದ್ದು ಕಂಡು ಕಿರುಚಾಡುತ್ತಾರೆ, ಫಿಟ್ಸ್ ಬರಬಹುದು, ಜೀವ ಹೋದದ್ದೂ ಇದೆ. ಊರಲ್ಲಿ ಇದನ್ನು ಗಾಳಿ ಅಂದುಕೊಂಡು ತಾಯಿತ ಕಟ್ಟಿಸುತ್ತಾರೆ. ಇದು ಆಸ್ಪತ್ರೆಯಲ್ಲಿ ಔಷಧ ಕೊಟ್ಟು ದಾಟಿಸಬೇಕಾದ ಹೊತ್ತು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬದಲಾದವರನ್ನು ನಾನೇ ಕಂಡಿದ್ದೇನೆ. ಶಿಬಿರ ಮುಗಿದ ಮೇಲೂ ಕುಡಿತ ಬಿಟ್ಟವರ ನವಜೀವನ ಸಮಿತಿಯಲ್ಲಿ ಕೂಡುವವರು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಾರೆ ಎಂದು ನನ್ನ ಅನಿಸಿಕೆ. ಆದರೆ ಕಣ್ಣು ಹಳದಿಯಾಗಿರುವವರನ್ನು, ಹೊಟ್ಟೆಯಲ್ಲಿ ನೀರು ತುಂಬಿರುವವರನ್ನು ಡಾಕ್ಟರಿಗೆ ತೋರಿಸದೆ ನೇರ ಶಿಬಿರಕ್ಕೆ ಕಳಿಸಬೇಡಿ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ "ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಚೀಟಿ ಅಂಟಿಸಿರುತ್ತಾರಲ್ಲ, ಆ ಪುಡಿಯನ್ನು ಸಾರಿನಲ್ಲಿ ಬೆರೆಸಬೇಡಿ. ಅದರಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆಯಂಥದ್ದೇನಾದರೂ ಅದರಲ್ಲಿದ್ದರೆ, ಕೆಟ್ಟ ಲಿವರಿಗೆ ಅದೇ ಪೆಟ್ಟು. ಅದರ ಮೇಲೆ ಅವರು ಗೊತ್ತಿಲ್ಲದೆ ಕುಡಿದರೆ ಎದೆಬಡಿತ ಹೆಚ್ಚಿ, ಬಿಪಿ ಬಿದ್ದು ಪ್ರಾಣಕ್ಕೇ ಸಂಚಕಾರ. ಲಿವರ್ ಕೆಟ್ಟವರಿಗೂ ಕೊಡಬಹುದಾದ ಮಾತ್ರೆಗಳಿವೆ. ಬ್ಯಾಕ್ಲೋಫೆನ್ ಎಂಬುದನ್ನು ಇಟಲಿಯ ವೈದ್ಯರು ಸಿರೋಸಿಸ್ ಆಗಿ ಲಿವರ್ ಗಟ್ಟಿಯಾಗಿದ್ದ 84 ಜನರ ಮೇಲೆ ನೋಡಿ 2007ರಲ್ಲಿ ವರದಿ ಮಾಡಿದರು. ಮಾತ್ರೆ ತಗೊಂಡ 42 ಜನರಲ್ಲಿ 30 ಜನ ಕುಡಿತ ಬಿಟ್ಟಿದ್ದರು, ಬರೀ ಹುಸಿಮಾತ್ರೆ ತಗೊಂಡ 42ರಲ್ಲಿ 12 ಜನ. ಯಾರಿಗೆ ಯಾವುದು ಎಂದು ಮನೋವೈದ್ಯರು ತೀರ್ಮಾನಿಸಬೇಕು. ಅದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೂ ಕಾಯಲಾರೆವು ಎಂದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಊಟದ ವಿಷಯಕ್ಕೆ ಬಂದರೆ ನಮ್ಮ ತಾಯಂದಿರ ಜೊತೆ ನನಗೆ ದೊಡ್ಡ ಜಗಳವಿದೆ. ಕಾಮಾಲೆ ಅಂದಕೂಡಲೇ ಬರೀ ಗಂಜಿ, ಮಜ್ಜಿಗೆ, ತಿಂಗಳುಗಟ್ಟಲೆ ಪಥ್ಯ. ಈ ಕಾಯಿಲೆಯವರ ಮೈಯಲ್ಲಿ ಮಾಂಸಖಂಡ ಕರಗುವುದೇ ಒಂದು ಸಾವಿನ ದಾರಿ. ಬೇಳೆ, ಕಾಳು, ಮೊಟ್ಟೆ, ಹಾಲು ಕೊಡಿ, ತಿನ್ನುವವರಾದರೆ ಮೀನನ್ನೂ ಕೊಡಿ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಿಸಿ, ಖಾಲಿ ಹೊಟ್ಟೆಯಲ್ಲಿ ಬೆಳಗಿನವರೆಗೆ ಬಿಡಬೇಡಿ. ಕಡಿಮೆ ಮಾಡಬೇಕಾದದ್ದು ಉಪ್ಪು, ಅದರಲ್ಲೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಕಾಮಾಲೆಗೆ ಮುಂಗೈಗೆ ಬರೆ ಹಾಕಿಸುವುದನ್ನು ದಯವಿಟ್ಟು ನಿಲ್ಲಿಸಿ. ಹಾಕಿದ ಬರೆ ಕೀವಾಗಿ ರಕ್ತಕ್ಕೆ ಸೋಂಕು ಏರಿದವರನ್ನು ನೋಡಿ ನೋಡಿ ಸಾಕಾಗಿದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ಮಾತ್ರೆ, ಇಂಜೆಕ್ಷನ್ ಬೇಡ, ಅದು ಕಿಡ್ನಿಯನ್ನೂ ಎಳೆದುಕೊಂಡು ಹೋಗುತ್ತದೆ.

ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ, ಮಾತು ತೊದಲುವುದು, ಕೈ ಮುಂದೆ ಚಾಚಿದರೆ ಮಣಿಕಟ್ಟು ಹಕ್ಕಿಯ ರೆಕ್ಕೆಯಂತೆ ಬಡಿಯುವುದು, ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆ ರಾತ್ರಿ ಯಾವ ಸ್ಕ್ಯಾನಿನ ರಿಪೋರ್ಟೂ ಬೇಕಾಗುವುದಿಲ್ಲ, ಬೇಕಾಗುವುದು ಶಿವಮೊಗ್ಗದ್ದೋ ದಾವಣಗೆರೆಯದ್ದೋ ದೊಡ್ಡಾಸ್ಪತ್ರೆಯನ್ನು ಬೇಗ ತಲುಪುವುದು.

ಲಿವರ್ ಕಸಿಯ ಬಗ್ಗೆ ಕೇಳುವವರಿಗೆ: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಬಿಪಿಎಲ್ ಕುಟುಂಬಗಳ ಅಂಗಾಂಗ ಕಸಿಗೆ ರಾಜ್ಯ ಸರ್ಕಾರದ ಯೋಜನೆಯೂ ಇದೆ. ಮೃತರ ದೇಹದಿಂದ ಸಿಗುವ ಲಿವರಿಗೆ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಸೇರಬೇಕು, ಅದನ್ನು ಆಸ್ಪತ್ರೆಯವರು ಮಾಡುತ್ತಾರೆ. ಕುಡಿತ ಬಿಟ್ಟು ಎಷ್ಟು ಕಾಲವಾಯಿತು ಎಂದು ಅಲ್ಲೂ ಕೇಳುತ್ತಾರೆ. ಬೇಗ ಹೋಗಿ ಹೆಸರು ಬರೆಸಿ. ಹೊಟ್ಟೆಗೆ ಮೊದಲ ಸಲ ನೀರು ತುಂಬಿದಾಗಲೇ ವಿಚಾರಿಸಬೇಕಾದ ವಿಷಯ ಇದು, ಕೊನೆಯ ವಾರದಲ್ಲಲ್ಲ.

ಇದೆಲ್ಲ ಕಾಯಿಲೆ ಬಿದ್ದ ಮೇಲಿನ ಮಾತಾಯಿತು. ಬೀಳುವ ಮುಂಚಿನದೊಂದು ಬೇಡಿಕೆ ಉಳಿದಿದೆ, ಅದು ಖೇಣಿ ಹಿಡಿಯುವವರಿಗೆ, ತೋಟದ ಯಜಮಾನರಿಗೆ. ನಿಮ್ಮಲ್ಲೂ ಹಲವರ ಮನೆಯಲ್ಲಿ ಈ ಕಾಯಿಲೆಯವರಿದ್ದಾರೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಸುಗ್ಗಿಯಲ್ಲಿ ಅಡಿಕೆ ಕೊನೆ ಕೊಯ್ಯುವವರಿಗೆ, ರಾತ್ರಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲುವವರಿಗೆ ಕೂಲಿಯ ಜೊತೆ ಒಂದು ಕ್ವಾರ್ಟರ್ ಕೊಡುವುದು ನಮ್ಮಲ್ಲಿ ಎಷ್ಟೋ ಕಡೆ ಸಲೀಸಾಗಿದೆ. ಕೊಡದಿದ್ದರೆ ಆಳು ಬರುವುದಿಲ್ಲ ಎನ್ನುತ್ತೀರಿ. ಇರಬಹುದು. ಎಲ್ಲರೂ ಸೇರಿ ನಿಲ್ಲಿಸಿದರೆ ಎಲ್ಲಿಗೆ ಹೋಗುತ್ತಾರೆ? ಹತ್ತೊಂಬತ್ತು ಇಪ್ಪತ್ತರ ಹುಡುಗರು ಮೊದಲ ಸಲ ಬಾಯಿಗಿಡುವುದು ಅಲ್ಲೇ, ಯಜಮಾನನ ಕೈಯಿಂದಲೇ. ಆ ದುಡ್ಡನ್ನು ಕೂಲಿಗೇ ಸೇರಿಸಿ, ಆ ಹುಡುಗನ ತಾಯಿಯ ಕೈಗೋ ಹೆಂಡತಿಯ ಕೈಗೋ ಕೊಡಿ. ಹಂಡೆಯ ಮುಂದೆ ನಿಲ್ಲುವವರಿಗೆ ರಾತ್ರಿ ಬಿಸಿ ಅನ್ನ ಸಾರು, ಚಹಾ ಸಾಕು. ನಲ್ಲೂರಿನಲ್ಲಿ ಖೇಣಿ ಹಿಡಿಯುವವರು ಮುಂದಿನ ಸುಗ್ಗಿಗೆ ಮುಂಗಡ ಕೊಡುವ ಮೊದಲೇ ಒಂದು ಕಡೆ ಕೂತು ಇದನ್ನು ಗೊತ್ತುಮಾಡಿಕೊಳ್ಳಬೇಕೆಂದು ವಿನಂತಿ. ಕರೆದರೆ ನಾನೂ ಬಂದು ಕೂರುತ್ತೇನೆ.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಿಷಿಯನ್,
ನಲ್ಲೂರು, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ